ಕೂತ ತಗಡು

ಬೀರುವಿನ ಬಾಗಿಲು, ನಂಬರ್ ನಲವತ್ತೊಂದು.
ನೇರ ನೋಡಿದರೆ ಏನೂ ಇಲ್ಲ.
ಟ್ಯೂಬ್‌ಲೈಟಿನ ಕೆಳಗೆ ಓರೆ ಹಿಡಿದಾಗ ಕಂಡಿತು:
ಹಿಡಿಕೆಯ ಗುಳಿಯಿಂದ ಹೊರಟು
ಬಸವನಹುಳು ರಾತ್ರಿಯೆಲ್ಲ ತೆವಳಿದ ಹಾಗೆ
ಗೆರೆ, ಕವಲು, ಮತ್ತೆ ಗೆರೆ.
ಬೆರಳಿಗೆ ಹತ್ತದು. ಉಗುರಿಗೆ ಹತ್ತುತ್ತದೆ.

ನಲವತ್ತೆರಡೂ ಹಾಗೇ. ನಲವತ್ತಮೂರೂ.
ಕೆಂಪು ಸೀಮೆಸುಣ್ಣದಲ್ಲಿ ಇಂಟು ಹಾಕಿ ಹಾಕಿ
ಮಧ್ಯಾಹ್ನದ ಹೊತ್ತಿಗೆ ನನ್ನ ದುಪಟ್ಟಾದ ಅಂಚೂ ಕೆಂಪು.

ಪೇಂಟು ಬಿದ್ದರೆ ಮುಚ್ಚಿಹೋಗುತ್ತೆ, ಕಳಿಸಿ,
ಅಂತ ಆಫೀಸಿನಿಂದ ಫೋನು.
ಮುಚ್ಚುವುದಿಲ್ಲ.
ಬಣ್ಣ ಬಿದ್ದ ಮೇಲೇ ಅದಕ್ಕೆ ಧೈರ್ಯ ಬರುವುದು.

ಡೈ ಫಿಟ್ಟರ್ ಮುನಿಕೆಂಪಣ್ಣ ಬಂದರು,
ಕನ್ನಡಕಕ್ಕೆ ಹುರಿದಾರ, ಉಂಗುರದ ಬೆರಳು ಒಂದು ಗೆಣ್ಣು ಗಿಡ್ಡ.
ಬಾಗಿಲನ್ನು ನೋಡಲೇ ಇಲ್ಲ.
ಸ್ಟೋರಿನ ಕತ್ತಲಿಗೆ ಹೋಗಿ
ಕಾಯಿಲಿಗೆ ಕಟ್ಟಿದ ಚೀಟಿ ಹುಡುಕಿದರು.
ಓದಿ ಹೇಳಿ, ಅಂದರು. ಓದಿದೆ:
ಹೋದ ವರ್ಷದ ಅಕ್ಟೋಬರ್.
ಗೇಟಿಗೆ ಬೀಗ ಬೀಳುವ ಹಿಂದಿನ ವಾರ.
ಹೂಂ. ಕೂತುಬಿಟ್ಟಿದೆ ಇದು.

ಹಿಟ್ಟು ನೆನೆದಷ್ಟೂ ರೊಟ್ಟಿ ಮೆತ್ತಗೆ ಅನ್ನುತ್ತಿದ್ದಳು ಅಜ್ಜಿ.
ತಗಡು ಕೂತಷ್ಟೂ ಬಿಗಿ.

ಡಿಪ್ಲೊಮಾದಲ್ಲಿ ಓದಿ, ಬರೆದು, ಮರೆತಿದ್ದೆ:
ಒಳಗೆ ಎಲ್ಲಿ ಸಾಲು ತಪ್ಪಿದೆಯೋ
ಅಲ್ಲಿಂದಲೇ ಲೋಹ ಜಾರುವುದು, ಮಣಿಯುವುದು.
ಆ ಜಾಗಕ್ಕೇ ಇಂಗಾಲದ ಕಣಗಳು ನಿಧಾನ ಬಂದು,
ಮೆಜೆಸ್ಟಿಕ್ಕಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು
ಸೀಟು ಹಿಡಿಯುವವರ ಹಾಗೆ,
ಒಂದೊಂದೇ ಕೂರುತ್ತವೆ.
ತಿಂಗಳುಗಳು ಕಳೆದರೆ ಬಸ್ಸು ಭರ್ತಿ.
ಆಮೇಲೆ ಇನ್ನೂರು ಟನ್ನಿನ ಪ್ರೆಸ್ಸು ಮೇಲೆ ಬಂದರೂ
ತಗಡು ಒಲ್ಲೆ ಅನ್ನುತ್ತದೆ.
ಒಲ್ಲೆ, ಒಲ್ಲೆ,
ಮತ್ತೆ ಒಂದು ಕಡೆ ಕೈಬಿಡುತ್ತದೆ, ಒಮ್ಮೆಗೇ.
ಪಕ್ಕದ ಅಂಗುಲಕ್ಕೆ ಸುದ್ದಿಯೇ ಇಲ್ಲ.
ಸೋತ ಜಾಗಕ್ಕೂ ಇನ್ನೂ ಸೋಲದ ಜಾಗಕ್ಕೂ ನಡುವಿನ ಗಡಿ,
ಅದೇ ಗೆರೆ.

ಟೀ ಬಂತು.
ಮುನಿಕೆಂಪಣ್ಣ ಲೋಟ ಊದುತ್ತ ಬೇರೇನೋ ಹೇಳಿದರು.
ಗೇಟು ಮುಚ್ಚಿದ ಒಂಬತ್ತು ತಿಂಗಳು
ಲಗ್ಗೆರೆಯ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರಂತೆ.
ಮಗಳ ಓಲೆ ಗಿರವಿಗೆ ಹೋದಾಗ ಏನೂ ಆಗಲಿಲ್ಲ.
ಅಣ್ಣ ಸತ್ತ, ಹೆಗಲು ಕೊಟ್ಟು ಬಂದು ಸ್ನಾನ ಮಾಡಿ ಉಂಡರು.
ಒಂದು ದಿನ ಎಂಟನೇ ಮೈಲಿ ಸ್ಟಾಪಿನಲ್ಲಿ
ಕಂಡಕ್ಟರು ತಾನೇ ನೆನಪಿಟ್ಟು ಕೂಗಿ
ಮೂರು ರೂಪಾಯಿ ಚಿಲ್ಲರೆ ಕೊಟ್ಟ.
ಅಷ್ಟಕ್ಕೇ, ಕಂಬಿ ಹಿಡಿದು ನಿಂತಲ್ಲೇ...
ಯಾಕೆ ಅಂತ ಕೇಳ್ಬೇಡಿ ಮೇಡಮ್ಮೋರೆ. ಬರೀ ಮೂರು ರೂಪಾಯಿ.
ಲೋಟ ತೊಳೆದಿಟ್ಟರು.

ಮೂಲೆಯ ಟಾರ್ಪಾಲು ಸರಿಸಿದರೆ ಹಳೆಯ ಲೆವೆಲರ್ ಯಂತ್ರ,
ರೋಲರುಗಳ ನಡುವೆ ಜೇಡರಬಲೆ.
ನಸ್ರೀನ್ ಒಂದು ಕಡೆಯಿಂದ ತಗಡು ತಳ್ಳಿದಳು:
ಮೇಲೆ, ಕೆಳಗೆ, ಮೇಲೆ, ಕೆಳಗೆ,
ಕೂದಲೆಳೆಯಷ್ಟು ಬಗ್ಗಿ, ಕೂದಲೆಳೆಯಷ್ಟು ಉದ್ದವಾಗಿ
ಆಚೆ ಬಂತು, ನೋಡಲು ಹೋದ ಹಾಗೇ.
ಪೂರ್ತಿ ಬಗ್ಗಿಸೋ ಮುಂಚೆ ಒಂಚೂರು ಬಗ್ಗಿಸ್ಬೇಕು,
ಎಲ್ಲಾ ಕಡೆ, ಎಬ್ಬಿಸಿದ ಹಾಗೆ, ಅಂದರು.
ಆದ್ರೆ ಇವತ್ತೇ ಒತ್ತಿಬಿಡ್ಬೇಕು.
ಬಿಟ್ರೆ ಮತ್ತೆ ಕೂರ್ತವೆ.

ಎರಡನೇ ಶಿಫ್ಟೂ ನಿಂತೆವು.
ಪ್ರೆಸ್ಸಿನ ಪ್ರತಿ ಏಟಿಗೂ ಕ್ಯಾಲೆಂಡರು ಗೋಡೆ ಬಿಟ್ಟು ಕೂತುಕೊಳ್ಳುತ್ತಿತ್ತು.
ಹೊಸ ಬಾಗಿಲನ್ನು ಓರೆ ಹಿಡಿದೆ.
ಟ್ಯೂಬ್‌ಲೈಟು ಅದರೊಳಗೆ ನೆಟ್ಟಗೆ ಮಲಗಿತ್ತು.
ಹೊರಗೆ ತುಮಕೂರು ರಸ್ತೆಯ ಮೇಲೆ ಕೊನೆಯ ಮೆಟ್ರೊ
ಖಾಲಿ ಸೀಟುಗಳನ್ನು ಹೊತ್ತು ಹೋಯಿತು.

ನಲವತ್ತೊಂದನ್ನು ಗುಜರಿಗೆ ಹಾಕ್ಬೇಡಿ, ನಂಗಿರಲಿ,
ಮನೆ ಸಂಪಿಗೆ ಮುಚ್ಚಳ ಇಲ್ಲ, ಅಂದರು.
ನನ್ನ ಇಂಟು ಗುರುತನ್ನು ಅಂಗೈಯಲ್ಲಿ ಒರೆಸಿ
ಟಿವಿಎಸ್ಸಿನ ಹಿಂದೆ ಕಟ್ಟಿದರು.
ಪೇಂಟು ಕೊಡಲಾ ಅಂದೆ.
ಬೇಡ.
ನೀರು ಚೆಲ್ಲೋ ಜಾಗ. ಗೆರೆ ಇದ್ರೆ ಕಾಲು ಜಾರಲ್ಲ.