ದಾರಿಗಡ್ಡ ಒಂದು ಕೊಂಬೆ

ಶನಿವಾರ ಸಂಜೆ ಅವನು ಇಟ್ಟದ್ದನ್ನು
ಭಾನುವಾರ ಬೆಳಗ್ಗೆ ನಾನು ತೆಗೆಯುತ್ತಿದ್ದೆ.
ಹನ್ನೊಂದು ವರ್ಷ.
ಬೀಚ್ ಮರದ ಕೊಂಬೆ, ಕೆಲವೊಮ್ಮೆ ಸ್ಪ್ರೂಸ್,
ಒಮ್ಮೆ ಮಾತ್ರ ತುಕ್ಕು ಹಿಡಿದ ಹಾಲಿನ ಕ್ಯಾನು.
ಏಳನೇ ತಿರುವಿನಲ್ಲಿ,
ಇಳಿಜಾರಿನ ಹುಮ್ಮಸ್ಸಿಗೆ ಸೈಕಲ್ಲುಗಳು
ಬ್ರೇಕು ಮರೆಯುವುದಕ್ಕೆ ಸರಿಯಾಗಿ
ಇಪ್ಪತ್ತು ಹೆಜ್ಜೆ ಮೊದಲು,
ದೂರದಿಂದಲೇ ಕಾಣುವ ಹಾಗೆ.

ಪುರಸಭೆಯ ಪಟ್ಟಿಯಲ್ಲಿ ನಾನು
ನೇಜ್ಕಾ, ದಾರಿ ನಿರ್ವಹಣೆ, ಅರೆಕಾಲಿಕ.
ಅರೆಕಾಲ ಅಂದರೆ ನಾಲ್ಕೂ ಕಾಲ.
ಏಪ್ರಿಲ್‌ನಲ್ಲಿ ಬಿದ್ದ ಮರ ಕೊಯ್ಯಬೇಕು,
ಕರಗಿದ ಹಿಮ ದಾರಿಯನ್ನೇ ಹೊಳೆ ಮಾಡಿಕೊಳ್ಳದಂತೆ
ಗುದ್ದಲಿಯಲ್ಲಿ ಅಡ್ಡಡ್ಡ ಗೀರಬೇಕು.
ಜುಲೈನಲ್ಲಿ ಲ್ಯುಬ್ಲ್ಯಾನಾದಿಂದ
ಕಾರಿನ ತಲೆಮೇಲೆ ಸೈಕಲ್ ಹೊತ್ತು ಬಂದವರು
ಬೇರುಗಳನ್ನು ಉಜ್ಜಿ ಉಜ್ಜಿ
ಮುದುಕರ ಮೊಣಕಾಲಿನಷ್ಟು ನುಣ್ಣಗೆ ಮಾಡಿರುತ್ತಾರೆ;
ಬುಟ್ಟಿಯಲ್ಲಿ ಮಣ್ಣು ಹೊತ್ತು ಮುಚ್ಚಬೇಕು.
ಜನವರಿಯಲ್ಲಿ ಹಿಮಬಂಡಿಯ ಹಿಂದೆ
ಹಳೆಯ ಟ್ರ್ಯಾಕ್ಟರ್ ಟಯರು ಕಟ್ಟಿ
ನಡುರಾತ್ರಿ ಸರೋವರದ ಸುತ್ತ ಎಳೆಯಬೇಕು,
ಬೆಳಗಾಗುವಷ್ಟರಲ್ಲಿ ಹಿಮ ಗಟ್ಟಿಯಾಗಿ
ದಪ್ಪ ಚಕ್ರದವರನ್ನು ಹೊರಲೆಂದು.
ನವೆಂಬರ್ ಯಾರದೂ ಅಲ್ಲ.
ಮಂಜು, ನಾನು, ಯೆರ್ನೆಯ್.

ಯೆರ್ನೆಯ್ ಅಣಬೆ ಆಯುವವನು.
ನಾವು ಈ ದಾರಿ ಕಡಿದ ವರ್ಷ
ಬುಟ್ಟಿ ಹಿಡಿದು ಬಂದು ನಿಂತು
ಒಂದೇ ಮಾತು ಆಡಿದ್ದ:
‘ಈ ಜಾಗವನ್ನು ನಾನು
ನನ್ನ ಹೆಂಡತಿಗೂ ತೋರಿಸಿರಲಿಲ್ಲ.’
ಆಮೇಲೆಲ್ಲ ಕೊಂಬೆಗಳೇ ಮಾತಾಡಿದ್ದು.
ಒಮ್ಮೆ ಅವನ ಕೊಂಬೆಯನ್ನು
ಒಲೆಯ ಅಳತೆಗೆ ತುಂಡು ಮಾಡಿ
ಅವನ ಗೇಟಿನ ಮುಂದೆ ಪೇರಿಸಿ ಬಂದೆ.
ಮುಂದಿನ ವಾರ ಅವೇ ತುಂಡುಗಳು
ಎಣಿಸಿದರೆ ಒಂದೂ ಕಮ್ಮಿಯಿಲ್ಲ,
ಒಪ್ಪವಾಗಿ ದಾರಿಗಡ್ಡ.

ಈ ಅಕ್ಟೋಬರಿನ ಒಂದು ಭಾನುವಾರ
ತೆಗೆಯಲು ಏನೂ ಇರಲಿಲ್ಲ.
ಮುಂದಿನ ಭಾನುವಾರವೂ.
ಕೈ ಬೀಸಿಕೊಂಡು ಬೆಟ್ಟ ಹತ್ತಿದವಳು
ಕೈ ಬೀಸಿಕೊಂಡೇ ಇಳಿದೆ, ಏನೋ ಕಳೆದುಕೊಂಡವಳ ಹಾಗೆ.
ಬೇಕರಿಯ ಜ್ದೆಂಕಾ ಚಿಲ್ಲರೆ ಕೊಡುತ್ತ ಹೇಳಿದಳು:
ಒದ್ದೆ ಎಲೆ, ಅವನದೇ ಮೆಟ್ಟಿಲು, ಸೊಂಟ.
ಕಾಡಿನಲ್ಲಿ ಎಪ್ಪತ್ತು ವರ್ಷ ಜಾರದವನು.

ಅವತ್ತು ಏಳನೇ ತಿರುವಿನಲ್ಲಿ
ಸುಮ್ಮನೆ ನಿಂತೆ.
ಕೊಂಬೆ ತೆಗೆಯಲು ಬಗ್ಗಿದಾಗಲೆಲ್ಲ
ನೋಡಿದ್ದು ಕೊಂಬೆಯನ್ನು ಮಾತ್ರ.
ಈಗ ಕಂಡವು,
ಚಕ್ರದ ಗುರುತಿನಿಂದ ಎರಡೇ ಮಾರು ಆಚೆ
ಪಾಚಿಯನ್ನು ಭುಜದಿಂದ ನೂಕಿ ಎದ್ದ
ಕಂದು ಟೋಪಿಗಳು, ಎಂಟೋ ಒಂಬತ್ತೋ,
ಒಂದಂತೂ ಊಟದ ತಟ್ಟೆಯಷ್ಟಗಲ,
ಬಸವನಹುಳು ಆಗಲೇ ತನ್ನ ಪಾಲು ತಿಂದಿತ್ತು.
ನನ್ನ ಪಕ್ಕದಲ್ಲೇ ಮೂವರು ಹುಡುಗರು
ಸರ್ರನೆ ಇಳಿದುಹೋದರು.
ಅವರ ಕಣ್ಣಿದ್ದದ್ದು ಮುಂದಿನ ತಿರುವಿನಲ್ಲಿ,
ಇರಬೇಕಾದದ್ದೂ ಅಲ್ಲಿಯೇ.
ಹಾಗೆ ಇಳಿಯಲೆಂದೇ ತಾನೆ
ನಾನು ಆ ಅಂಚನ್ನು ಅಷ್ಟು ಎತ್ತರಿಸಿದ್ದು.

ಶನಿವಾರ ಸಂಜೆ ಒಂದು ಬೀಚ್ ಕೊಂಬೆ ಎಳೆದು ತಂದೆ.
ನೆನೆದಿತ್ತು, ಭಾರ. ಇಷ್ಟು ಭಾರವನ್ನು
ಆ ಮುದುಕ ಹೇಗೆ ಎಳೆಯುತ್ತಿದ್ದನೋ.
ಇಪ್ಪತ್ತು ಹೆಜ್ಜೆ ಎಣಿಸಿ ಅಡ್ಡ ಇಟ್ಟೆ.
ಭಾನುವಾರ ಮರದ ಮರೆಯಲ್ಲಿ ಕಾದೆ.
ಕೆಂಪು ಹೆಲ್ಮೆಟ್ಟಿನವನೊಬ್ಬ ನಿಂತ,
ಮುದುಕನ ಹೆಸರೆತ್ತಿ ಬೈದ, ಕೊಂಬೆ ಎಸೆದ,
ಅತ್ತಿತ್ತ ನೋಡದೆ ಹೋದ.
ಯಾಕೋ ನನಗೆ ಸಂತೋಷವಾಯಿತು,
ಬೈಗುಳಕ್ಕಾದರೂ ಅವನ ಹೆಸರು
ಅವನ ಜಾಗದಲ್ಲಿ ಕೇಳಿಸಿತಲ್ಲ.

ಆಸ್ಪತ್ರೆಗೆ ಬರಿಗೈಯಲ್ಲಿ ಹೋಗಲಾಗುತ್ತದೆಯೇ.
ಕಾಗದದಲ್ಲಿ ಸುತ್ತಿದ ಮೂರು ಎಳೆಯವು.
ಅವನು ಬಿಚ್ಚಿದ, ಮೂಸಿದ,
ಬುಡಕ್ಕಂಟಿದ ಮಣ್ಣನ್ನು ಉಗುರಲ್ಲಿ ಕೆರೆದು ನೋಡಿದ.
‘ಎಲ್ಲಿ ಸಿಕ್ಕವು?’
‘ಹೇಳುವುದಿಲ್ಲ’ ಅಂದೆ.
ನಕ್ಕ. ನಕ್ಕದ್ದಕ್ಕೆ ಸೊಂಟ ನೋಯಿತು,
ಅದಕ್ಕೂ ನನ್ನನ್ನೇ ಬೈದ.

ಇವತ್ತು ಮೊದಲ ಹಿಮ, ಒಂದು ಗೇಣು.
ಬಂಡಿಗೆ ಪೆಟ್ರೋಲ್ ತುಂಬಿಸಬೇಕು,
ಟಯರಿನ ಸರಪಳಿ ಒಂದು ಕಡೆ ಸವೆದಿದೆ.
ಕೊಂಬೆ ಇಡುವವರಿಲ್ಲದ ಕಾಲ ಇದು,
ಅಣಬೆಗಳೂ ಕೆಳಗೆ ಮಲಗಿವೆ.
ಆದರೂ ಏಳನೇ ತಿರುವಿನಲ್ಲಿ
ಕೈ ತಾನಾಗಿಯೇ ವೇಗ ಇಳಿಸುತ್ತದೆ.