ನಡುವಿನ ಅಕ್ಷರ

ಬಾರಿ ಬಂದರಿನಿಂದ ಬಂದ ತಟ್ಟೆ. ಹೊದಿಕೆಯ ಮೇಲೆ
ಒಂದು ತಳ್ಳುಬಂಡಿ, ಒಬ್ಬ ಹುಡುಗ,
ಅಷ್ಟು ಹಳದಿಯನ್ನು ನಾನು ಒಟ್ಟಿಗೆ ನೋಡಿರಲೇ ಇಲ್ಲ.
ಹೆಲ್ಸಿಂಕಿಯಲ್ಲಿ ಆಗ ನವೆಂಬರ್,
ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚಿಕೊಂಡಿದ್ದೆ.
ಹಾಡಿಗೆ ನಲವತ್ತು ಮಾರ್ಕ. ಬೆಳಿಗ್ಗೆಗೆ ಬೇಕು.

ಹುಡುಗ ಕೂಗುತ್ತಾನೆ: ಲಿಮೋನೆ, ಲಿಮೋನೆ!
ಯಜಮಾನ ಜಿಪುಣ, ಯಜಮಾನನ ಹೆಂಡತಿ ಧಾರಾಳಿ,
ನಿಘಂಟು ತಿರುವಿ ನನಗೆ ದಕ್ಕಿದ್ದು ಇಷ್ಟೇ.
ರಾಗ ನಡುವಿನ ಅಕ್ಷರಕ್ಕೆ ಹಾರಿ ಕೂರುತ್ತದೆ,
ಲಿ–ಮೋ–ನೆ.
ನಮ್ಮ ಮಾತಿನ ಭಾರವೆಲ್ಲ ಮೊದಲಕ್ಷರದಲ್ಲಿ;
ಹಿಮದ ಮೇಲೆ ನಡೆಯುವವರು ನಾವು,
ಹಿಮ್ಮಡಿ ಊರದೆ ಮುಂದಿನ ಹೆಜ್ಜೆ ಇಲ್ಲ.
'ಸಿತ್ರೂನ' ಎಂದು ಹಾಡಿ ನೋಡಿದೆ:
ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಹಾಗೆ.

ರಾತ್ರಿ ಎರಡಕ್ಕೆ ನಿಂಬೆಯನ್ನು ಕೈಬಿಟ್ಟೆ.
'ಓಯ್, ಮರ್ಯ' ಎಂದೆ. ಕೂತಿತು.
ಮರ್ಯ ಅಂದರೆ ಕಾಡಹಣ್ಣು,
ಎಲೆಯೆಲ್ಲ ಉದುರಿದ ಮೇಲೂ ಕೊಂಬೆ ಬಿಡದ್ದು
ಎಂದು ಒಂದು ಸಾಲು ಸೇರಿಸಿದೆ, ಪುಕ್ಕಟೆ.
ಬ್ಯಾಂಡಿನ ಟೌನೊ ಗಾಂಧಾರವನ್ನು ಅರ್ಧ ಮೆಟ್ಟಿಲು ಇಳಿಸಿದ.
"ನಗುವ ಹಾಡಿಗೆ ಇಲ್ಲಿ ಯಾರಮ್ಮ ಕುಣೀತಾರೆ?"
ಅಲ್ಲಿಗೆ ಜಿಪುಣ ಹೋದ, ಅವನ ಹೆಂಡತಿ ಹೋದಳು,
ಬಂಡಿ ಎಲ್ಲೋ ಹಿಮದಲ್ಲಿ ಹೂತುಹೋಯಿತು.

ಕೇಳಿದವರು ಹಣ್ಣನ್ನು ಕೇಳಲಿಲ್ಲ.
ಮರ್ಯ ಹೆಣ್ಣಿನ ಹೆಸರೂ ಹೌದಲ್ಲ,
ಯಾರೋ ಬಿಟ್ಟುಹೋದವಳು ಅಂದುಕೊಂಡರು.
ತಿದ್ದಲಿಲ್ಲ. ದುಡ್ಡು ಎಣಿಸಿಕೊಂಡಾಗಿತ್ತು.

ಕೊಲ್ಲಿಯಾಚೆ ತಾಲ್ಲಿನ್‌ನಲ್ಲಿ ಕಿಟಕಿ ಮುಚ್ಚಿ
ನಮ್ಮ ರೇಡಿಯೊ ಹಿಡಿಯುತ್ತಿದ್ದರಂತೆ:
ಅರ್ಧ ಹಾಡು, ಅರ್ಧ ಗರಗರ.
ಗರಗರ ಇದ್ದಲ್ಲೆಲ್ಲ ತಮ್ಮ ಮಾತು ತುಂಬಿಕೊಂಡರು.
ಮರ್ಯ ಅಲ್ಲಿ ಮರಿ ಆದಳು, ದೋಣಿ ಹತ್ತಿದಳು,
ಮದುವೆಮನೆಗಳಲ್ಲಿ ದೀಪ ಆರಿಸುವ ಮುಂಚಿನ ಕುಣಿತಕ್ಕೆ
ಅವಳೇ ಬೇಕಾದಳು.

ಇದೆಲ್ಲ ನನಗೆ ಗೊತ್ತಾದದ್ದು ಮೂವತ್ತು ವರ್ಷದ ಮೇಲೆ,
ಗಡಿ ತೆರೆದ ನಂತರ, ಹಡಗಿನ ಕ್ಯಾಂಟೀನಿನಲ್ಲಿ.
ಎದುರು ಕೂತವಳು ಗುನುಗುತ್ತಿದ್ದಳು.
"ನನ್ನ ಹೆಸರೇ ಇದರದ್ದು," ಎಂದಳು.
"ಆ ಮರಿ ನಮ್ಮ ಬೀದಿಯವಳೇ, ಮೂರನೇ ಮನೆ.
ನಮ್ಮಜ್ಜಿ ಆಣೆ ಇಟ್ಟು ಹೇಳೋಳು,
ಅವಳ ಕೈಯಿಂದ ಸಕ್ಕರೆ ಸಾಲ ತಂದಿದ್ದಾಳೆ."

ನಾನು ಬಾಯಿ ತೆರೆದೆ.
ಅವಳ ಚಹಾದ ತಳದಲ್ಲಿ ಒಂದು ಬಿಲ್ಲೆ ನಿಂಬೆ;
ಮಾತಾಡುತ್ತಲೇ ಚಮಚದ ಬೆನ್ನಿನಿಂದ
ಅದನ್ನು ಒತ್ತುತ್ತಿದ್ದಳು, ಒತ್ತುತ್ತಿದ್ದಳು.

"ಆ ಮನೆಗೆ," ಎಂದೆ,
"ಬಾಗಿಲು ಯಾವ ಬಣ್ಣದ್ದಿತ್ತು?"