ಮೂವತ್ತೊಂದನೇ ಪುಟ

ನನ್ನ ಹತ್ತಿರ ಮೂವತ್ತು ಎಲೆಗಳಿವೆ.
ಹಳೇ ಟೆಲಿಫೋನ್ ಡೈರೆಕ್ಟರಿಯ ಭಾರದಡಿ ಒಣಗಿ
ಪೆನ್ಸಿಲಿನಲ್ಲಿ ಊರು ಬರೆಸಿಕೊಂಡವು:
ತುಂಬೆ, ಗುತ್ತಲು ಕೆರೆ ಏರಿ.
ಲಕ್ಕಿ, ರೈಲ್ವೆ ಕ್ವಾರ್ಟರ್ಸ್ ಹಿಂದೆ.
ಉಮ್ಮತ್ತಿ, ನಮ್ಮ ಕಾಲೇಜಿನದೇ ಕಾಂಪೌಂಡು;
ಅಪ್ಪಟ ವಿಷ, ಇದಕ್ಕೆ ಯಾವ ಸೆಕ್ಷನ್ನೂ ಇಲ್ಲ.
ಮೂವತ್ತೊಂದನೇ ಪುಟ ಖಾಲಿ.

ಫಿಲೋಮಿನಾ ಮಿಸ್ ಡಬ್ಬಿ ಕುಲುಕಿದರು, ಚೀಟಿ ಎತ್ತಿದೆ.
‘ಗಾಂಜಾ ಕಾನೂನುಬದ್ಧವಾಗಬೇಕು’. ಪರ.
ಮೂರು ನಿಮಿಷ. ಎರಡೂವರೆಗೆ ಒಂದು ಗಂಟೆ.
ಹಿಂದಿನ ಬೆಂಚು ಶಿಳ್ಳೆ ಹಾಕಿತು,
ಯಾರೋ ಎರಡು ಬೆರಳು ತುಟಿಗಿಟ್ಟು ಕಣ್ಣು ಮುಚ್ಚಿದ.
ನಾನು ಅದರ ಎಲೆ ಕೂಡ ನೋಡಿಲ್ಲ ಕಣ್ರೋ.

ಅಪ್ಪನಿಗೆ ಓದಿ ಹೇಳಿದೆ.
ಅಪ್ಪ ಹೊಸಹಳ್ಳಿ ಸರ್ಕಲ್ಲಿನ ಬಾರಿನಲ್ಲಿ ಕ್ಯಾಷಿಯರು.
ಅಲ್ಲಿ ಲೈಸೆನ್ಸಿಗೆ ಚೌಕಟ್ಟಿದೆ, ಶುಕ್ರವಾರ ಹೂವಿದೆ.
ಬೆಳಿಗ್ಗೆ ಶಟರ್ ಎತ್ತುವಾಗ
ಕಾಯುತ್ತಿರುವ ಕೈಗಳ ನಡುಕ
ಅವನಿಗೆ ಹೆಸರು ಸಮೇತ ಗೊತ್ತು.
ಪೂರ್ತಿ ಕೇಳಿ ಅಂದ:
‘ಟ್ಯಾಕ್ಸ್ ಎಷ್ಟು ಬತ್ತದೆ ಅಂತ ಮೊದ್ಲು ಬರಿ,
ಸರ್ಕಾರ ಅಲ್ಲಿಂದ ಓದೋದು.’
ಆಮೇಲೆ ಕೈ ತೊಳೆಯಲು ಹೋದ,
ತುಂಬ ಹೊತ್ತು ತೊಳೆದ.

‘ಬಂಗಿ ಸೊಪ್ಪಾ?’ ಅಂದಳು ದ್ಯಾವಮ್ಮಜ್ಜಿ.
‘ಕೆರೆ ಮಂಟಪದಲ್ಲಿ ಬೈರಾಗಿಗಳು ಇಳ್ಕಳೋರು, ಚಿಲುಮೆ ಹಚ್ಚೋರು.
ನಮ್ಮವ್ವ ಮಜ್ಜಿಗೆ ಕೊಟ್ಟು ಬರೋಳು.
ಎಮ್ಮೆಗೆ ಹೊಟ್ಟೆ ಉಬ್ಬರಿಸಿದ್ರೆ ಒಂದು ಚಿಟಿಕೆ ಈಸ್ಕೊಂಡು ತರೋಳು.’
ಎಮ್ಮೆ ಉಳೀತಾ ಅಜ್ಜಿ?
‘ಒಂದು ಉಳೀತು. ಒಂದು ಸತ್ತೋಯ್ತು.
ಸೊಪ್ಪಿಗೇನವ್ವ ಗೊತ್ತು.’

ಜವರೇಶ ನನ್ನ ದೊಡ್ಡಮ್ಮನ ಮಗ,
ವಾಲಿಬಾಲಿನಲ್ಲಿ ಜಿಲ್ಲಾ ಟೀಮು, ಎಡಗೈ ಸ್ಮ್ಯಾಷು.
ಶ್ರೀರಂಗಪಟ್ಟಣದ ಸೇತುವೆ ಹತ್ತಿರ
ಜೇಬಿನಲ್ಲಿ ಇಪ್ಪತ್ತು ಗ್ರಾಂ.
ಇಪ್ಪತ್ತು ಗ್ರಾಂ ಅಂದರೆ ಎಷ್ಟು?
ಕೊತ್ತಂಬರಿ ಬೀಜ ತೂಗಿ ನೋಡಿದೆ:
ಒಂದು ಹಿಡಿ, ಅದೂ ಸಡಿಲ ಹಿಡಿ.
ಅಷ್ಟಕ್ಕೆ ದೊಡ್ಡಮ್ಮ ಮದುವೆಗೆ ಉಡುವ ಸೀರೆ ಉಟ್ಟು
ಕೋರ್ಟಿನ ಮೆಟ್ಟಿಲ ಮೇಲೆ ಹನ್ನೊಂದು ಸಲ ಕೂತಳು,
ಒಳ್ಳೇ ಮನೆಯವರು ಅಂತ ಜಡ್ಜಿಗೆ ಕಾಣಲಿ ಎಂದು.
ಟೀಮು ಹೋಯಿತು.
ಈಗ ಅವನ ಕೈಗೆ ಬಾಲ್ ಕೊಟ್ಟರೆ
ಯಾರದೋ ಮಗು ಕೊಟ್ಟ ಹಾಗೆ ಹಿಡಿದು ನಿಲ್ಲುತ್ತಾನೆ.
ಜೈಲು ಹೀಗೆ ಮಾಡಿತಾ? ಸೊಪ್ಪು ಮಾಡಿತಾ?
ಪರಕ್ಕೋ ವಿರೋಧಕ್ಕೋ ತಿಳಿಯದೆ
ಆ ಪ್ಯಾರಾ ಹೊಡೆದುಹಾಕಿದೆ.

ಉಮ್ಮತ್ತಿಯ ಮಾತಿಗೆ ಚಪ್ಪಾಳೆ ಬಿತ್ತು.
ಅಪ್ಪನ ಟ್ಯಾಕ್ಸಿಗೆ ಪ್ರಿನ್ಸಿಪಾಲರು ತಲೆಯಾಡಿಸಿದರು.
ವಿರೋಧಕ್ಕೆ ಶೋಭಿತ್ ಎದ್ದ,
ಇಸ್ತ್ರಿ ಮಾಡಿದ ಷರಟು, ಇಸ್ತ್ರಿ ಮಾಡಿದ ದನಿ,
‘ಯುವಜನತೆ ರಾಷ್ಟ್ರದ ಬೆನ್ನೆಲುಬು’ ಮೂರು ಸಲ.
ಭಾನುವಾರ ವಿ.ಸಿ. ನಾಲೆಯ ತೂಬಿನ ಹಿಂದೆ
ಅವನ ಕಣ್ಣು ಎಷ್ಟು ಕೆಂಪೋ ಅಷ್ಟೂ ನನಗೆ ಗೊತ್ತು.
ಅವನು ನನ್ನನ್ನು ನೋಡಿದ.
ನಾನು ಗಡಿಯಾರ ನೋಡಿದೆ.
ಮೊದಲ ಬಹುಮಾನ ಅವನಿಗೆ, ಸ್ಟೀಲ್ ಡಬ್ಬಿ.

ಸೈಕಲ್ ಸ್ಟ್ಯಾಂಡಿನಲ್ಲಿ ಕೇಳಿದ:
‘ನಿಜವಾಗ್ಲೂ ನಿನಗೇನು ಅನ್ಸುತ್ತೆ?’
ಜೈಲು ಬೇಡ, ಅಂದೆ.
ಅಂಗಡಿನೂ ಬೇಡ, ನಮ್ಮಪ್ಪನ ಅಂಗಡಿ ನೋಡಿದೀನಿ.
ನಡುವೆ ಏನೋ ಇರಬೇಕು,
ಅದಕ್ಕಿನ್ನೂ ಹೆಸರು ಸಿಕ್ಕಿಲ್ಲ,
ಸಿಕ್ಕರೂ ಮೂರು ನಿಮಿಷಕ್ಕೆ ಹಿಡಿಸಲ್ಲ.
ನಿನಗೆ ರಾತ್ರಿ ನಿದ್ದೆ ಬರುತ್ತಾ?
‘ಬರುತ್ತೆ. ಬೆಳಿಗ್ಗೆ ಬರಲ್ಲ.’
ಅಂದರೇನೋ ಎಂದು ನಾನು ಕೇಳುವ ಮೊದಲೇ
‘ಎಲೆ ಬೇಕಾ,’ ಅಂದ, ‘ನಿನ್ನ ಪುಸ್ತಕಕ್ಕೆ?’

ಸಂಜೆ ಷುಗರ್ ಟೌನ್ ಬೇಲಿಯಲ್ಲಿ
ಮರಗೆಣಸಿನ ಎಲೆ ಕಿತ್ತೆ, ಏಳು ಬೆರಳು.
ದೂರದಿಂದ ಅದೇ ಥರ ಅಂತಾರೆ.
ಒರೆಸಿ, ಬಿಡಿಸಿ,
ಮೂವತ್ತೆರಡಕ್ಕೆ ಅಂಟಿಸಿದೆ.